ಹಿಡಿಸೂಡಿ

ರುವೈಸ್‌ನ ಹೈಡ್ರೋಜನ್ ಘಟಕದಲ್ಲಿ ಮೊದಲ ದಿನ
ನನ್ನ ಕೈಗೆ ಕೊಟ್ಟ ಉಪಕರಣ ಒಂದು ಹಿಡಿಸೂಡಿ.
ಗುಡಿಸಲಿಕ್ಕಲ್ಲ, ಎಂದ ಸುಡಾನಿನ ಬಾಬಿಕರ್,
ಮುಂದೆ ಚಾಚಿ ನಡೆ, ಕುರುಡನ ಕೋಲಿನ ಹಾಗೆ.
ಈ ಅನಿಲ ಸೋರಿ ಹೊತ್ತಿಕೊಂಡರೆ
ಹಗಲಲ್ಲಿ ಕಣ್ಣಿಗೆ ಬೀಳುವುದಿಲ್ಲ.
ಬಣ್ಣವಿಲ್ಲ, ಹೊಗೆಯಿಲ್ಲ.
ಸೂಡಿಯ ತುದಿ ತಾನಾಗಿ ಉರಿದರೆ ಅಲ್ಲಿ ಬೆಂಕಿ.
ಮತ್ತೆ ಓಡು.

ಹೊಗೆಯಿಲ್ಲದ ಬೆಂಕಿ!
ಜಿನ್ನುಗಳನ್ನು ಮಾಡಿದ್ದು ಅದರಿಂದಲೇ ಎಂದು
ಕೃಷ್ಣಾಪುರದ ಮದ್ರಸದಲ್ಲಿ ಉಸ್ತಾದರು ಹೇಳಿದ್ದರು.
ಒಣಗಿದ ಸೌದೆಗೂ ಹೊಗೆ ಇಲ್ಲವಲ್ಲ, ಅದಾ? ಎಂದು ಕೇಳಿ
ಅಂಗೈಗೆ ಬೆತ್ತದ ಪೆಟ್ಟು ತಿಂದಿದ್ದೆ.
ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಅಂಗೈಯಲ್ಲಿ
ಉತ್ತರ ಹಿಡಿದು ನಿಂತಿದ್ದೇನೆ ಎಂದು ಹಿಗ್ಗಿ
ರಾತ್ರಿ ಕ್ಯಾಂಪಿನಲ್ಲಿ ಹೇಳಿಬಿಟ್ಟೆ.

ಕೆಳಗಿನ ಮಂಚದ ಹಂಝತ್‌ಗೆ ಅಷ್ಟು ಸಾಕಾಯಿತು.
ದಿನಾ ಫೋನು ಮುಖಕ್ಕೆ ಹಿಡಿಯುತ್ತಾನೆ:
ಜಿನ್ನೆಂದರೆ ಪ್ಲಾಸ್ಮಾ, ಜಿನ್ನೆಂದರೆ ಇನ್‌ಫ್ರಾರೆಡ್,
ಏಳು ಆಕಾಶವೆಂದರೆ ವಾಯುಮಂಡಲದ ಏಳು ಪದರ.
ಎಣಿಸಿ ನೋಡಿದೆ: ಇದ್ದದ್ದು ಐದು,
ಎರಡನ್ನು ಸೀಳಿ ಏಳು ಮಾಡಿದ್ದರು ಯಾರೋ ಪುಣ್ಯಾತ್ಮರು.
ಆದರೂ ಅವನ ಖುಷಿ ನೋಡಬೇಕು,
ಎಂಬೆಸಿಯಲ್ಲಿ ಅಟೆಸ್ಟ್ ಆಗಿ ಬಂದ
ಸರ್ಟಿಫಿಕೇಟು ಹಿಡಿದವನ ಹಾಗೆ,
ಪಡೆದವನ ಮಾತಿಗೆ ಲ್ಯಾಬಿನವರ ಮೊಹರು.

ಬಾಬಿಕರ್ ಐದು ಹೊತ್ತೂ ತಪ್ಪದವ. ಅವನನ್ನೇ ಕೇಳಿದೆ,
ಇದು ಅದೇನಾ?
ಅವನು ಕೈಗವಸು ಕಳಚಿದ.
ಎರಡು ಬೆರಳು ಮೇಣದ ಹಾಗೆ ಒಂದಕ್ಕೊಂದು ಅಂಟಿದ್ದು ಆಗ ಕಂಡೆ.
ಇದರ ಹೆಸರು ಹೈಡ್ರೋಜನ್, ಎಂದ.
ಜಿನ್ನಿಗೆ ಲೆಕ್ಕ ಕೊಡುವ ದಿನ ಒಂದಿದೆ.
ಇದಕ್ಕೆ ಬರೀ ಒತ್ತಡ.

ಆಗಸ್ಟಿನ ರಜೆಯ ರಾತ್ರಿ, ಲಿವಾದ ಮರಳದಿಬ್ಬ.
ಉಲ್ಕೆ ನೋಡಲು ಹೋದವರು ನಾವು ಮೂವರು.
ಎಷ್ಟು ಗಂಟೆಗೆ ಸುರಿಯುತ್ತದೆ ಎಂದು
ಪತ್ರಿಕೆಯಲ್ಲೇ ಬಂದಿತ್ತು.
ಅದಕ್ಕೂ ಮೊದಲು ಮನೆಗೆ ಫೋನು ಮಾಡಿದೆ. ಮುಫೀದಾ ಎತ್ತಿದಳು.
ನಾಳೆ ಯುನಿಟ್ ಟೆಸ್ಟ್ ಬಾಪ.
ಟೀಚರ್ ಹೇಳ್ತಾರೆ, ಧೂಮಕೇತು ಬಿಟ್ಟುಹೋದ ಧೂಳು.
ಉಸ್ತಾದ್ ಹೇಳ್ತಾರೆ, ಆಕಾಶದ ಬಾಗಿಲಲ್ಲಿ
ಕದ್ದು ಕೇಳುವ ಶೈತಾನರಿಗೆ ಎಸೆಯುವ ಬೆಂಕಿ.
ಎಂತ ಬರೆಯುವುದು?

ಬಾಯಿ ಒಣಗಿತು.
ವರ್ಷಾವರ್ಷ ಅದೇ ತಾರೀಕಿಗೆ, ಅದೇ ಗಂಟೆಗೆ
ಕದಿಯಲು ಬರುವ ಕಳ್ಳರು ಎಂಥವರು, ಹೇಳಿ.
ಯೋಚಿಸಿ ಹೇಳ್ತೇನೆ ಮಗಾ, ಎಂದೆ.
ಅವಳು ಫೋನನ್ನು ಕಟ್ ಮಾಡದೆ ಮೇಜಿನ ಮೇಲಿಟ್ಟು ಹೋದಳು.

ನಾನೂ ಕಟ್ ಮಾಡಲಿಲ್ಲ.
ಮಿಕ್ಸಿ ತಿರುಗಿ ನಿಂತದ್ದು, ಕುಕ್ಕರಿನ ಎರಡು ಸೀಟಿ,
ಬೆಕ್ಕಿಗೆ ಬೈದದ್ದು, ಚಪ್ಪಲಿಯ ಸದ್ದು.
ಮರಳಿನಲ್ಲಿ ಬೋರಲು ಮಲಗಿ,
ಉಸಿರು ಹಿಡಿದು
ನನ್ನದೇ ಮನೆಯ ಬಾಗಿಲಿಗೆ ಕಿವಿಯಿಟ್ಟಿದ್ದೆ.
ಆಗ ಅವಳ ಉಮ್ಮ, ಬೇಸರವಿಲ್ಲದೆ, ಸುಮ್ಮನೆ ಹೇಳಿದಳು:
ಬಾಪಾನನ್ನು ಎಂತಕ್ಕೆ ಕೇಳುವುದು,
ಅವರು ಇಲ್ಲಿ ಇದ್ದವರಾ?

ಎದೆಗೆ ಬಿದ್ದದ್ದು ಧೂಳಲ್ಲ.

ನಡುರಾತ್ರಿಯ ಮೇಲೆ ನಿಜವಾದವು ಬಂದವು,
ಒಂದು, ಮತ್ತೆ ಬಹಳ ಹೊತ್ತು ಏನಿಲ್ಲ, ಆಮೇಲೆ ಒಟ್ಟಿಗೆ ಮೂರು.
ಹಂಝತ್ ವಿಡಿಯೋ ಮಾಡಿದ, ಬರೀ ಕತ್ತಲೆ ಬಂತು.
ಬಾಬಿಕರ್ ತುಟಿ ಆಡಿಸುತ್ತಿದ್ದ,
ಎಣಿಕೆಯೋ ಪ್ರಾರ್ಥನೆಯೋ, ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮಗಳ ಧ್ವನಿ ಸಂದೇಶ:
ಧೂಳು ಅಂತ ಬರೆದೆ ಬಾಪ, ಎರಡು ಮಾರ್ಕಿಗೆ ಅಷ್ಟೇ ಸಾಕು.
ಮದ್ರಸದ ಪೇಪರು ಬೇರೆಯೇ ಅಲ್ವಾ.

ಎರಡು ಸಲ ಕೇಳಿದೆ.
ಆಮೇಲೆ ಹೆಲ್ಮೆಟ್ಟು ಹಾಕಿ, ಬಿಸ್ಮಿ ಹೇಳಿ,
ಏನೂ ಕಾಣದ ಬಿಸಿಲಿನೊಳಗೆ
ಸೂಡಿ ಚಾಚಿ ನಡೆದೆ.